ಹತ್ತು ಹೇಳಿಕೆ, ಹದಿನೈದು ಅಂಕ: ಶಾಲೆಯಲ್ಲಿ ರೋಸೆನ್‌ಬರ್ಗ್ ಮಾಪಕ

ಎಳೆ ಹರೆಯದ ಮಕ್ಕಳ ಆತ್ಮಗೌರವ, ಅಂದರೆ ತನಗೆ ತಾನು ಕೊಟ್ಟುಕೊಳ್ಳುವ ಬೆಲೆ, ಅಳೆಯಬೇಕು ಅಂದ ತಕ್ಷಣ ಯಾರ ಕೈಗಾದರೂ ಮೊದಲು ಸಿಗುವುದು ರೋಸೆನ್‌ಬರ್ಗ್ ಮಾಪಕ. ಒಂದೇ ಪುಟ, ಹತ್ತೇ ಹೇಳಿಕೆ, ಶಿಕ್ಷಣ ಮತ್ತು ಸಂಶೋಧನೆಯ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೋ ಏನೋ, ಹಿಂದುಮುಂದು ನೋಡದೆ ಹಂಚುವವರೇ ಹೆಚ್ಚು. 11ರಿಂದ 14 ವಯಸ್ಸಿನ ಮಕ್ಕಳ ತರಗತಿಯಲ್ಲಿ, ಮನೆಯ ಹಿನ್ನೆಲೆಯೂ ಶಾಲೆಯ ವಾತಾವರಣವೂ ಮಗುವಿನ ಮೇಲೆ ಏನು ಮಾಡುತ್ತಿವೆ ಎಂದು ತಿಳಿಯಲು ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ನೋಡೋಣ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಇಡೀ ತರಗತಿಯ ಸ್ಥಿತಿ ತಿಳಿಯಲು ಬಳಸಿ, ಒಂದು ಮಗುವಿಗೆ ಹಣೆಪಟ್ಟಿ ಹಚ್ಚಲು ಬಳಸಬೇಡಿ, ಆ ಮಗು ಯಾರ ನಡುವೆ ಕೂತು ಉತ್ತರ ಬರೆಯಿತು ಎಂಬುದನ್ನು ದಾಖಲಿಸುವ ಉದ್ದೇಶ ಇಲ್ಲದಿದ್ದರೆ ಹಾಳೆ ಹಂಚುವ ಗೋಜಿಗೇ ಹೋಗಬೇಡಿ.

ಸಮಾಜಶಾಸ್ತ್ರಜ್ಞ ಮೋರಿಸ್ ರೋಸೆನ್‌ಬರ್ಗ್ ಇದನ್ನು ಪ್ರಕಟಿಸಿದ್ದು 1965ರಲ್ಲಿ. ನ್ಯೂಯಾರ್ಕ್ ರಾಜ್ಯದ 10 ಪ್ರೌಢಶಾಲೆಗಳ ಕೊನೆಯ ಎರಡು ವರ್ಷಗಳ 5,024 ವಿದ್ಯಾರ್ಥಿಗಳು ಅದಕ್ಕೆ ಉತ್ತರ ಬರೆದಿದ್ದರು. ಅಂದರೆ ಹದಿನಾರು ಹದಿನೇಳರ ಮಕ್ಕಳು. ಹನ್ನೊಂದರ ಮಗುವಿನ ಓದುವ ಶಕ್ತಿಗೆ ಹೊಲಿದ ಅಂಗಿ ಇದಲ್ಲ. ಇನ್ನೊಂದು ಮಾತು: ರೋಸೆನ್‌ಬರ್ಗ್ ಕೈಗೆ ಬಂದ ರೋಗಿಯನ್ನು ಪರೀಕ್ಷಿಸುವ ಮನೋವೈದ್ಯರಾಗಿರಲಿಲ್ಲ. ವರ್ಗ, ಧರ್ಮ, ಕುಟುಂಬ, ನೆರೆಹೊರೆ ಇವು ಹರೆಯದವರು ತಮ್ಮನ್ನು ತಾವು ನೋಡಿಕೊಳ್ಳುವ ಬಗೆಯನ್ನು ಹೇಗೆ ಬದಲಿಸುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಗುಂಪಿನ ಪಕ್ಕ ಗುಂಪು ಇಟ್ಟು ನೋಡಲು ಮಾಡಿದ ಉಪಕರಣ ಇದು. ಅದನ್ನು ಒಂಟಿ ಮಗುವಿನ ಮೇಲೆ ಪ್ರಯೋಗಿಸುವ ಚಟ ಆಮೇಲೆ ಬಂದದ್ದು.

ಹಾಳೆಯಲ್ಲಿ ಇರುವುದಿಷ್ಟು: ತನ್ನ ಬಗ್ಗೆ ಒಳ್ಳೆಯದಾಗಿ ಹೇಳಿಕೊಳ್ಳುವ ಐದು ಹೇಳಿಕೆ, ಕೆಟ್ಟದಾಗಿ ಹೇಳಿಕೊಳ್ಳುವ ಐದು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ: ಖಂಡಿತ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಮೂಲದಲ್ಲಿ ಹೇಳಿಕೆಗಳನ್ನು ಆರು ಗುಂಪು ಮಾಡಿ 0ರಿಂದ 6ರವರೆಗೆ ಅಂಕ ಕೊಡುವ ಕ್ರಮ ಇತ್ತು. ಈಗ ಯಾರೂ ಆ ತಾಪತ್ರಯಕ್ಕೆ ಹೋಗುವುದಿಲ್ಲ. ಒಳ್ಳೆಯ ಹೇಳಿಕೆಗೆ 3, 2, 1, 0 ಎಂದೂ ಕೆಟ್ಟ ಹೇಳಿಕೆಗೆ ಉಲ್ಟಾ, ಅಂದರೆ 0, 1, 2, 3 ಎಂದೂ ಹಾಕಿ ಕೂಡಿಸಿದರೆ ಒಟ್ಟು 0ರಿಂದ 30. ಕೆಲವರು 1ರಿಂದ 4 ಕೊಡುತ್ತಾರೆ, ಆಗ ಒಟ್ಟು 10ರಿಂದ 40. ಯಾವುದು ಬಳಸಿದಿರಿ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಒಂದು ಶಾಲೆಯ ಸರಾಸರಿ 19, ಇನ್ನೊಂದರದು 29 ಎಂದು ಓದಿ ಗಾಬರಿಯಾಗುವವರಿಗೆ, ಎರಡೂ ಒಂದೇ ಅಂಕ ಎಂದು ಆಮೇಲೆ ತಿಳಿಯುವುದುಂಟು.

ಇದಕ್ಕಿಂತ ದೊಡ್ಡ ಗುಂಡಿ ಹೇಳಿಕೆಗಳ ಕ್ರಮದಲ್ಲಿದೆ. ಈ ಮಾಪಕದ ಎರಡು ಕ್ರಮಗಳು ಚಾಲ್ತಿಯಲ್ಲಿವೆ. ಒಂದು, 'ಒಟ್ಟಾರೆ ನನ್ನ ಬಗ್ಗೆ ನನಗೆ ತೃಪ್ತಿ ಇದೆ' ಎಂಬ ಅರ್ಥದ ಹೇಳಿಕೆಯಿಂದ ಶುರುವಾಗುತ್ತದೆ. ಅದರಲ್ಲಿ ಉಲ್ಟಾ ಅಂಕ ಹಾಕಬೇಕಾದವು 2, 5, 6, 8, 9. ಇನ್ನೊಂದು, 'ಬೇರೆಯವರಷ್ಟೇ ಬೆಲೆ ನನಗೂ ಇದೆ' ಎಂಬ ಅರ್ಥದ್ದರಿಂದ ಶುರು. ಅದರಲ್ಲಿ ಉಲ್ಟಾ ಆಗಬೇಕಾದವು 3, 5, 8, 9, 10. ಒಂದು ಕಡೆಯಿಂದ ಹಾಳೆ, ಇನ್ನೊಂದು ಕಡೆಯಿಂದ ಅಂಕದ ಕೀಲಿ ತಂದು ಜೋಡಿಸಿದರೆ 5, 8, 9 ಎರಡರಲ್ಲೂ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಹತ್ತರಲ್ಲಿ ನಾಲ್ಕು ಹೇಳಿಕೆಯ ಅಂಕ ತಲೆಕೆಳಗಾಗಿರುತ್ತದೆ. ತನ್ನ ಬಗ್ಗೆ ಪೂರ್ತಿ ಸಮಾಧಾನ ಇರುವ ಮಗುವಿಗೆ 30ರ ಬದಲು 18 ಬರುತ್ತದೆ. ತಾನು ಯಾತಕ್ಕೂ ಬಾರದವ ಎಂದು ಹತ್ತೂ ಕಡೆ ಬರೆದ ಮಗುವಿಗೆ 0 ಬದಲು 12. ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಬಂದು ತರಗತಿ ನಡುವೆ ಒತ್ತೊತ್ತಾಗಿ ಕೂರುತ್ತದೆ. 'ನಮ್ಮ ಮಕ್ಕಳಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ' ಎಂದು ವರದಿಯೂ ಸಿದ್ಧವಾಗುತ್ತದೆ! ಪತ್ತೆ ಮಾಡುವ ದಾರಿ ಸುಲಭ. ಉಲ್ಟಾ ಮಾಡಿದ ಮೇಲೆ ಎಕ್ಸೆಲ್‌ನಲ್ಲಿ ಪ್ರತಿ ಹೇಳಿಕೆಗೂ ಉಳಿದ ಒಂಬತ್ತರ ಮೊತ್ತಕ್ಕೂ ಇರುವ ಸಹಸಂಬಂಧ (ಒಂದು ಏರಿದಾಗ ಇನ್ನೊಂದೂ ಏರುತ್ತದೆಯೆ ಎಂಬ ಅಳತೆ) ತೆಗೆಯಿರಿ. ಮೂರು ನಾಲ್ಕು ಹೇಳಿಕೆ ಋಣ ಚಿಹ್ನೆ ತೋರಿಸಿದರೆ ಮಕ್ಕಳನ್ನು ಅನುಮಾನಿಸುವ ಮೊದಲು ಕೀಲಿಯನ್ನು ಅನುಮಾನಿಸಿ.

ಇನ್ನು ತಲೆಬರಹದ ಹದಿನೈದು. ಬೇಸರಗೊಂಡ ಮಗು ಹಾಳೆ ಓದದೆ ಒಂದೇ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಕ್ಕೆ ಗೀಟು ಎಳೆಯಿತು ಅಂದುಕೊಳ್ಳಿ. ಎಲ್ಲಕ್ಕೂ 'ಖಂಡಿತ ಒಪ್ಪುತ್ತೇನೆ' ಅಂದರೆ ಐದು ಮೂರಲೆ ಹದಿನೈದು, ಐದು ಸೊನ್ನೆಲೆ ಸೊನ್ನೆ. ಎಲ್ಲಕ್ಕೂ 'ಒಪ್ಪುತ್ತೇನೆ' ಅಂದರೆ ಹತ್ತು ಮತ್ತು ಐದು. ಯಾವ ಕಾಲಮ್ಮು ಆರಿಸಿದರೂ ಬರುವುದು 15. ಈಗ, ಎಲ್ಲೆಡೆ ಓಡಾಡುವ 'ಸಾಮಾನ್ಯ' ಮಿತಿ ಎಷ್ಟು ಗೊತ್ತೆ? 15ರಿಂದ 25. ಹಾಳೆಯನ್ನು ಓದಿಯೇ ಇಲ್ಲದ ಮಗು ಕರಾರುವಾಕ್ಕಾಗಿ 'ಸಾಮಾನ್ಯ'ದ ಹೊಸ್ತಿಲ ಮೇಲೆ ಕೂರುತ್ತದೆ. ಅಸಲಿಗೆ ಈ ಮಾಪಕಕ್ಕೆ ಎಲ್ಲರೂ ಒಪ್ಪಿದ ಗಡಿ ಅಂಕ ಎಂಬುದೇ ಇಲ್ಲ; 15 ಎಂಬುದು ಬಾಯಿಂದ ಬಾಯಿಗೆ ಬಂದ ರೂಢಿ. ಅದನ್ನೇ 10ರಿಂದ 40ರ ಅಂಕಕ್ಕೆ ಅಂಟಿಸಿದರೆ ಇನ್ನೂ ಅನಾಹುತ: ಅಲ್ಲಿ 24 ಪಡೆದ ಮಗು 'ಸಾಮಾನ್ಯ' ಅನಿಸಿಕೊಳ್ಳುತ್ತದೆ, ಇನ್ನೊಂದು ಲೆಕ್ಕದಲ್ಲಿ ಅದು 14. ಅಂಕ ಕೂಡಿಸುವ ಮೊದಲೇ, ಉಲ್ಟಾ ಮಾಡುವುದಕ್ಕೂ ಮುಂಚೆ, ಹತ್ತೂ ಉತ್ತರ ಒಂದೇ ಇರುವ ಹಾಳೆಗಳನ್ನು ಬೇರೆ ತೆಗೆದಿಡಿ. ಮಧ್ಯಾಹ್ನದ ಕೊನೆಯ ಪೀರಿಯಡ್‌ನಲ್ಲಿ ಹಂಚಿದ್ದರೆ ಅಂಥವು ಸಾಕಷ್ಟು ಸಿಗುತ್ತವೆ.

ಭಾಷೆಯ ವಿಷಯ ಹೆಚ್ಚು ಹೊತ್ತು ಬೇಡುತ್ತದೆ. ಐದನೆಯ ಹೇಳಿಕೆ ಎರಡೂ ಕ್ರಮಗಳಲ್ಲಿ ಒಂದೇ. ಅದನ್ನು ಕನ್ನಡಕ್ಕೆ ತಂದರೆ, 'ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ'. ತನ್ನಲ್ಲಿ ಹೆಮ್ಮೆಪಡುವಂಥದ್ದು ಇದೆ ಎಂದು ನಂಬಿರುವ ಮಗು ಇಲ್ಲಿ 'ಒಪ್ಪುವುದಿಲ್ಲ' ಎಂದು ಗುರುತು ಹಾಕಬೇಕು. ಇಲ್ಲ ಎಂಬುದಕ್ಕೆ ಇಲ್ಲ ಅನ್ನಬೇಕು. ದೊಡ್ಡವರೇ ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ಓದು ಇನ್ನೂ ಕೈಗೂಡದ ಹನ್ನೊಂದರ ಮಗು 'ಹೌದು, ನನ್ನಲ್ಲಿ ಇದೆ' ಎಂದುಕೊಂಡು 'ಒಪ್ಪುತ್ತೇನೆ'ಗೆ ಟಿಕ್ ಹಾಕಿ ಮುಂದೆ ಹೋಗುತ್ತದೆ. ಹೀಗೆ ಅಂಕ ಕಳೆದುಕೊಳ್ಳುವುದು ಓದಿನಲ್ಲಿ ಹಿಂದಿರುವ ಮಗು. ಓದಿನಲ್ಲಿ ಹಿಂದಿರುವವರು ಬಹುಪಾಲು ಯಾವ ಮನೆಗಳಿಂದ ಬಂದವರು ಎಂಬುದು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ 'ಬಡ ಮನೆಯ ಮಕ್ಕಳ ಆತ್ಮಗೌರವ ಕಡಿಮೆ' ಎಂಬ ತೀರ್ಮಾನ ಹೊರಬೀಳುತ್ತದೆ. ಅಳೆದದ್ದು ಮಾತ್ರ ವಾಕ್ಯ ಅರ್ಥಮಾಡಿಕೊಳ್ಳುವ ಶಕ್ತಿಯನ್ನು. ಇದು ನಮ್ಮ ಊಹೆಯಲ್ಲ: ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ ಎಳೆಯ ಮಕ್ಕಳಿಗಾಗಿ ಮಾಡಿದ ಸ್ವ-ವಿವರಣೆ ಪ್ರಶ್ನಾವಳಿಯಲ್ಲಿ ನಕಾರಾತ್ಮಕ ಹೇಳಿಕೆಗಳು ಮಕ್ಕಳಿಗೆ ತೊಡಕಾಗುತ್ತವೆ ಎಂದು ಕಂಡು, ಅವನ್ನು ಹಾಳೆಯಲ್ಲಿ ಉಳಿಸಿಯೂ ಅಂಕಕ್ಕೆ ಸೇರಿಸುವುದನ್ನು ಬಿಟ್ಟರು.

ಎಂಟನೆಯದು, ಅದೂ ಎರಡೂ ಕ್ರಮಗಳಲ್ಲಿ ಒಂದೇ, ಇನ್ನೊಂದು ಬಗೆಯ ತಲೆನೋವು. 'ನನ್ನ ಬಗ್ಗೆ ನನಗೇ ಇನ್ನಷ್ಟು ಗೌರವ ಇರಬೇಕಿತ್ತು ಅನಿಸುತ್ತದೆ' ಎಂಬುದು ಅದರ ಆಶಯ. ಮಗುವಿನ ಕಿವಿಗೆ ಬೀಳುವುದು 'ನನಗೆ ಇನ್ನಷ್ಟು ಮರ್ಯಾದೆ ಸಿಗಬೇಕು' ಎಂದು. ಯಾರಿಗೆ ಬೇಡ? ಆತ್ಮಗೌರವ ಚೆನ್ನಾಗಿರುವ ಮಗುವೇ ಜೋರಾಗಿ ಒಪ್ಪಿಬಿಡುತ್ತದೆ, ಉಲ್ಟಾ ಅಂಕದಲ್ಲಿ ಸೊನ್ನೆ ಪಡೆಯುತ್ತದೆ. ಇದು ಕನ್ನಡದೊಂದೇ ಸಮಸ್ಯೆಯೂ ಅಲ್ಲ. 2005ರಲ್ಲಿ ಪ್ರಕಟವಾದ, 53 ದೇಶಗಳಲ್ಲಿ ಈ ಮಾಪಕ ಬಳಸಿ ನೋಡಿದ ಅಧ್ಯಯನದಲ್ಲೂ ಉಳಿದವುಗಳೊಂದಿಗೆ ಹೊಂದಿಕೊಳ್ಳದೆ ತಕರಾರು ಮಾಡಿದ್ದು ಈ ಎಂಟನೆಯದೇ. ನಿಮ್ಮ ತರಗತಿಯಲ್ಲೂ ಅದು ಉಳಿದವಕ್ಕೆ ಎದುರು ದಿಕ್ಕಿಗೆ ಎಳೆಯುತ್ತಿದ್ದರೆ, ಹತ್ತರ ಅಂಕದ ಜೊತೆಗೆ ಎಂಟನ್ನು ಬಿಟ್ಟ ಒಂಬತ್ತರ ಅಂಕವನ್ನೂ ಕೊಡಿ. ಸದ್ದಿಲ್ಲದೆ ಕಿತ್ತುಹಾಕಿ ಹತ್ತರದೇ ಹೆಸರಿನಲ್ಲಿ ವರದಿ ಮಾಡಬೇಡಿ.

ಅನುವಾದ ಮಾಡುವವರಿಗೆ ಒಂದು ಕಿವಿಮಾತು. 'ಸ್ವಾಭಿಮಾನ' ಎಂಬ ಪದ ಹಾಕಿದರೆ ಸೆಟೆದು ನಿಲ್ಲುವ ವಾಸನೆ ಬರುತ್ತದೆ. 'ಹೆಮ್ಮೆ' ಸ್ವಲ್ಪ ಜಾರಿದರೆ ಜಂಬವಾಗುತ್ತದೆ. 'ಆತ್ಮವಿಶ್ವಾಸ' ಬೇರೆಯೇ ವಿಷಯ, ಕೆಲಸ ಮಾಡಬಲ್ಲೆ ಎಂಬ ಧೈರ್ಯ ಅದು. ಮಕ್ಕಳ ಹಾಳೆಯಲ್ಲಿ ಈ ಯಾವ ಭಾರದ ಪದವೂ ಬೇಡ. 'ನಾನು ಹೇಗಿದ್ದೇನೋ ಅದು ನನಗೆ ಇಷ್ಟ' ಎಂಬ ಮಟ್ಟದ ಮಾತು ಸಾಕು. ಬರೆದ ಮೇಲೆ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, 'ಇದನ್ನು ನಿನ್ನ ಮಾತಿನಲ್ಲಿ ಹೇಳು' ಎಂದು ಕೇಳಿ. ಅವರು ಹೇಳಿದ್ದು ನೀವು ಬರೆದದ್ದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಹಾಳೆಗೆ ಹಾಕಿ.

ಈ ಮಾಪಕದ ನಿಜವಾದ ಗುಟ್ಟು ಇರುವುದು ಮತ್ತೆರಡು ಹೇಳಿಕೆಗಳಲ್ಲಿ. ಒಂದು, 'ಬೇರೆ ಬಹುಪಾಲು ಜನರಷ್ಟೇ ಚೆನ್ನಾಗಿ ನಾನೂ ಕೆಲಸ ಮಾಡಬಲ್ಲೆ'. ಇನ್ನೊಂದು, 'ಕಡೇಪಕ್ಷ ಬೇರೆಯವರ ಸರಿಸಮಕ್ಕಾದರೂ ನನಗೆ ಬೆಲೆ ಇದೆ'. ಬೇರೆಯವರು ಅಂದರೆ ಯಾರು? ಹಾಳೆ ಹೇಳುವುದಿಲ್ಲ. ಹನ್ನೆರಡರ ಮಗುವಿಗೆ ಬೇರೆಯವರು ಅಂದರೆ ಆ ಹೊತ್ತಿಗೆ ಎಡಕ್ಕೆ ಬಲಕ್ಕೆ ಕೂತವರು. ಮಿಕ್ಕ ಎಂಟರಲ್ಲಿ ಹೋಲಿಕೆ ಮಾತಿನಲ್ಲಿಲ್ಲ, ಮನಸ್ಸಿನಲ್ಲಿದೆ.

ಸಾಮಾಜಿಕ ಹಿನ್ನೆಲೆಯ ಲೆಕ್ಕಾಚಾರ ಅನೇಕರು ಅಂದುಕೊಂಡ ಹಾಗೆ ಬರದೇ ಇರುವುದಕ್ಕೆ ಕಾರಣವೂ ಇದೇ. ಬಡತನ ಇದ್ದಲ್ಲಿ ಆತ್ಮಗೌರವ ಕಡಿಮೆ ಇರಲೇಬೇಕು ಎಂದು ಹುಡುಕಿಕೊಂಡು ಹೋದವರಿಗೆ ಎಳೆಯ ಮಕ್ಕಳಲ್ಲಿ ಅಂಥ ಗೆರೆ ಕಾಣುವುದಿಲ್ಲ. ರೋಸೆನ್‌ಬರ್ಗ್ ಮತ್ತು ಲಿಯೊನಾರ್ಡ್ ಪರ್ಲಿನ್ 1978ರಲ್ಲಿ ಇದನ್ನು ಬಿಡಿಸಿ ತೋರಿಸಿದರು: ಚಿಕ್ಕ ಮಕ್ಕಳಲ್ಲಿ ವರ್ಗಕ್ಕೂ ಆತ್ಮಗೌರವಕ್ಕೂ ಹೆಚ್ಚುಕಮ್ಮಿ ಸಂಬಂಧವೇ ಇಲ್ಲ, ಹರೆಯದಲ್ಲಿ ಅಲ್ಪ, ವಯಸ್ಕರಲ್ಲಿ ಸಾಕಷ್ಟು. ವಯಸ್ಕನಿಗೆ ತನ್ನ ಅಂತಸ್ತು ತಾನು ಗಳಿಸಿದ್ದು ಅಥವಾ ಗಳಿಸಲಾಗದೇ ಹೋದದ್ದು. ಮಗುವಿಗೆ ಅದು ಅಪ್ಪ ಅಮ್ಮನದು. ಅದರಲ್ಲಿ ತನ್ನ ತಪ್ಪೂ ಇಲ್ಲ, ಹೆಚ್ಚುಗಾರಿಕೆಯೂ ಇಲ್ಲ. ಜೊತೆಗೆ ಒಂದೇ ಬಗೆಯ ಮನೆಗಳ ಮಕ್ಕಳೇ ಒಂದು ಶಾಲೆಯಲ್ಲಿ ಸೇರಿದ್ದರೆ, ತನ್ನ ಮನೆ ಬಡವರದ್ದು ಎಂದು ತಿಳಿಯುವುದಾದರೂ ಹೇಗೆ? ಪಕ್ಕದವನ ಬೂಟೂ ಹರಿದಿದೆ.

ಬೂಟು ಹೊಳೆಯುವ ಶಾಲೆಗೆ ಅದೇ ಮಗುವನ್ನು ಸೇರಿಸಿ ನೋಡಿ. ರೋಸೆನ್‌ಬರ್ಗ್ ತಮ್ಮ ಮೊದಲ ಕೆಲಸದಲ್ಲೇ ಇದರ ಸುಳಿವು ಹಿಡಿದಿದ್ದರು: ತಮ್ಮ ಧರ್ಮದವರು ಕಡಿಮೆ ಇರುವ ನೆರೆಹೊರೆಯಲ್ಲಿ ಬೆಳೆದವರ ಆತ್ಮಗೌರವ, ತಮ್ಮವರ ನಡುವೆ ಬೆಳೆದವರಿಗಿಂತ ಕೆಳಗಿತ್ತು. ಆಮೇಲೆ ಅಮೆರಿಕದ ಬಾಲ್ಟಿಮೋರ್ ನಗರದ ಶಾಲಾ ಮಕ್ಕಳಲ್ಲಿ ರೋಸೆನ್‌ಬರ್ಗ್ ಮತ್ತು ರೋಬರ್ಟಾ ಸಿಮನ್ಸ್ ನೋಡಿದಾಗ, ಎಲ್ಲರೂ ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿ, ಕಪ್ಪು ಮಕ್ಕಳ ಆತ್ಮಗೌರವ ಬಿಳಿ ಮಕ್ಕಳಿಗಿಂತ ಕಡಿಮೆ ಇರಲಿಲ್ಲ. ತಮ್ಮವರೇ ಹೆಚ್ಚಿರುವ ಶಾಲೆಯ ಗೋಡೆ ಒಂದಷ್ಟು ಮಟ್ಟಿಗೆ ಆಸರೆಯಾಗಿತ್ತು. ಇದರಿಂದ ಮಕ್ಕಳನ್ನು ಬೇರೆಬೇರೆ ಇಡುವುದೇ ಒಳ್ಳೆಯದು ಎಂದು ಯಾರಾದರೂ ಹೇಳಹೊರಟರೆ ಅದು ದೊಡ್ಡ ಅಪಾರ್ಥ. ಒಳ್ಳೆಯ ಪಾಠ, ಒಳ್ಳೆಯ ಅವಕಾಶ ಇನ್ನೊಂದು ಶಾಲೆಯಲ್ಲಿದ್ದರೆ ಅಂಕ ಎರಡು ಮೂರು ಇಳಿದರೂ ಮಗು ಅಲ್ಲಿರುವುದೇ ಸರಿ ಇರಬಹುದು. ಅಂಕ ಇಳಿದದ್ದು ಮಗು ಹಾಳಾಯಿತು ಎಂಬುದಕ್ಕೆ ಸಾಕ್ಷಿಯಲ್ಲ, ಪಕ್ಕದಲ್ಲಿಟ್ಟು ಅಳೆಯುವ ಕೋಲು ಬದಲಾಯಿತು ಎಂಬುದಕ್ಕೆ ಸಾಕ್ಷಿ.

ಓದಿನ ವಿಷಯದಲ್ಲಿ ಇದೇ ಮಾತನ್ನು ಮಾರ್ಷ್ 1980ರ ದಶಕದಲ್ಲಿ ಸಣ್ಣ ಕೊಳದ ದೊಡ್ಡ ಮೀನು ಎಂಬ ಹೆಸರಿನಲ್ಲಿ ನೆಲೆಗೊಳಿಸಿದರು. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಜಾಣರೇ ತುಂಬಿದ ಶಾಲೆಗೆ ಹೋದವಳು ಓದಿನಲ್ಲಿ ತನ್ನನ್ನು ಕೀಳಾಗಿ ಕಾಣುತ್ತಾಳೆ, ಸಾಧಾರಣ ಶಾಲೆಯವಳು ಮೇಲಾಗಿ. ಗಮನಿಸಿ, ಈ ಪೆಟ್ಟು ಮುಖ್ಯವಾಗಿ ಬೀಳುವುದು 'ಓದಿನಲ್ಲಿ ನಾನು ಹೇಗೆ' ಎಂಬುದರ ಮೇಲೆ. ಒಟ್ಟಾರೆ ಆತ್ಮಗೌರವದ ಮೇಲೆ ಅಷ್ಟಾಗಿ ಅಲ್ಲ. ರೋಸೆನ್‌ಬರ್ಗ್ ಮಾಪಕ ಅಳೆಯುವುದು ಒಟ್ಟಾರೆಯನ್ನು ಮಾತ್ರ. ಅಂಕದ ಮೇಲೆ ಸೆಕ್ಷನ್ ಮಾಡಿ ಮಕ್ಕಳನ್ನು ಹಂಚುವ ಶಾಲೆ ಈ ಹಾಳೆ ಹಂಚಿ, 'ನೋಡಿ, ಕೊನೆಯ ಸೆಕ್ಷನ್‌ನವರ ಆತ್ಮಗೌರವಕ್ಕೆ ಏನೂ ಆಗಿಲ್ಲ' ಎಂದು ಸಮಾಧಾನ ಪಟ್ಟುಕೊಂಡರೆ, ಆ ಸಮಾಧಾನಕ್ಕೆ ಆಧಾರವಿಲ್ಲ. ಗಾಯ ಇರುವ ಕಡೆ ಅವರು ಮುಟ್ಟಿಯೇ ನೋಡಿಲ್ಲ.

ಶಾಲೆ ಬದಲಾಗುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಮಿಲ್ವಾಕಿ ನಗರದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಿಮನ್ಸ್ ಮತ್ತು ಡೇಲ್ ಬ್ಲೈತ್ 1987ರಲ್ಲಿ ತೋರಿಸಿದ್ದು: ಏಳನೆಯ ತರಗತಿಗೆ ಹೊಸ ದೊಡ್ಡ ಶಾಲೆಗೆ ಹೋದ ಹುಡುಗಿಯರ ಆತ್ಮಗೌರವ ಕುಸಿಯಿತು, ಎಂಟರವರೆಗೂ ಹಳೆಯ ಶಾಲೆಯಲ್ಲೇ ಉಳಿದವರದು ಹಾಗೆ ಕುಸಿಯಲಿಲ್ಲ. ಮೈ ಬದಲಾಗುವುದು, ಗೆಳತಿಯರು ಬದಲಾಗುವುದು, ಪ್ರತಿ ಪೀರಿಯಡ್‌ಗೂ ಹೊಸ ಮೇಷ್ಟ್ರು, ಎಲ್ಲ ಒಟ್ಟಿಗೆ ತಲೆಮೇಲೆ ಬಿದ್ದರೆ ಹಾಗಾಗುತ್ತದೆ. ಆದ್ದರಿಂದ ಹೊಸ ಶಾಲೆಯ ಮೊದಲ ತಿಂಗಳಲ್ಲಿ ಅಳೆದ ಅಂಕವನ್ನು ಹಳೆಯ ಶಾಲೆಯ ಕೊನೆಯ ತಿಂಗಳ ಅಂಕದ ಪಕ್ಕ ಇಡುವಾಗ, ನಡುವೆ ಆದದ್ದೇನು ಎಂದು ಬರೆದಿರಲೇಬೇಕು.

ಹೀಗಾಗಿ ರೋಸೆನ್‌ಬರ್ಗ್ ಹಾಳೆಯ ಹಿಂಬದಿ ಖಾಲಿ ಬಿಡುವುದು ನಷ್ಟ. ಅಲ್ಲಿ ಏನು ಹಾಕಬೇಕು? ಮೊದಲು, ಎರಡು ಏಣಿ. ಸಾಮಾಜಿಕ ಸ್ಥಾನದ ಏಣಿ ಮಾಪಕದ ಹರೆಯದವರ ಆವೃತ್ತಿ 2001ರಲ್ಲಿ ಬಂತು; ಹತ್ತು ಮೆಟ್ಟಿಲಿನ ಏಣಿಯ ಚಿತ್ರ ಕೊಟ್ಟು, ಒಂದರಲ್ಲಿ 'ಸಮಾಜದಲ್ಲಿ ನಿಮ್ಮ ಮನೆಯವರು ಎಲ್ಲಿದ್ದಾರೆ', ಇನ್ನೊಂದರಲ್ಲಿ 'ಶಾಲೆಯಲ್ಲಿ ನೀನು ಎಲ್ಲಿದ್ದೀಯ' ಎಂದು ಗುರುತು ಹಾಕಿಸುವುದು. ಬರಹ ಕಡಿಮೆ, ಚಿತ್ರ ಹೆಚ್ಚು, ಎರಡು ನಿಮಿಷದ ಕೆಲಸ. ಮನೆಯ ಏಣಿಯಲ್ಲಿ 7, ಶಾಲೆಯ ಏಣಿಯಲ್ಲಿ 2 ಹಾಕಿದ ಮಗು ಮತ್ತು ಮನೆಯಲ್ಲಿ 2, ಶಾಲೆಯಲ್ಲಿ 7 ಹಾಕಿದ ಮಗು, ಇಬ್ಬರಿಗೂ ರೋಸೆನ್‌ಬರ್ಗ್ ಅಂಕ 17 ಇರಬಹುದು. ಇಬ್ಬರ ಜೊತೆ ಆಡಬೇಕಾದ ಮಾತು ಮಾತ್ರ ಬೇರೆಬೇರೆ. ಅಪ್ಪ ಅಮ್ಮನ ಆದಾಯ ಎಷ್ಟು ಎಂದು ಮಗುವನ್ನು ಕೇಳಬೇಡಿ. ಅದಕ್ಕೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ತರಗತಿಯಲ್ಲಿ ಬರೆಯುವುದು ಅವಮಾನ. ಮಲಗಲು ಸ್ವಂತ ಕೋಣೆ ಇದೆಯೆ, ಮನೆಯಲ್ಲಿ ಎಷ್ಟು ಕಂಪ್ಯೂಟರ್ ಎಂಬಂಥ ವಸ್ತುಗಳ ಪ್ರಶ್ನಾವಳಿಗಳು ಇವೆ, ಆದರೆ ಒಂದು ಕಡೆ ಅನುಕೂಲದ ಗುರುತಾದ ವಸ್ತು ಇನ್ನೊಂದು ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ನೋಡಿ ಬಳಸಿ.

ಎರಡನೆಯದು, ಆಸರೆ. ಮನೋವಿಜ್ಞಾನಿ ಸೂಸನ್ ಹಾರ್ಟರ್ ಅವರ ಮಕ್ಕಳ ಸಾಮಾಜಿಕ ಬೆಂಬಲ ಮಾಪಕದಲ್ಲಿ 24 ಹೇಳಿಕೆ. ತಂದೆತಾಯಿ, ಶಿಕ್ಷಕರು, ಸಹಪಾಠಿಗಳು, ಆಪ್ತ ಗೆಳೆಯರು, ತಲಾ ಆರು. ಶಾಲೆಯ ವಾತಾವರಣ ಎಂಬ ಮುಷ್ಟಿಗೆ ಸಿಗದ ವಸ್ತು ಇಲ್ಲಿ ಹಿಡಿತಕ್ಕೆ ಬರುತ್ತದೆ. ಹಾರ್ಟರ್ ಕಂಡುಕೊಂಡದ್ದರಲ್ಲಿ ಒಂದು ಅಂಶ ಶಿಕ್ಷಕರಿಗೆ ಅಚ್ಚರಿ ತರಬಹುದು: ಮಗು ತನಗೆ ತಾನು ಕೊಟ್ಟುಕೊಳ್ಳುವ ಬೆಲೆಯೊಂದಿಗೆ ಹೆಚ್ಚು ಬೆಸೆದುಕೊಂಡಿರುವುದು ಆಪ್ತ ಗೆಳೆಯನ ಮೆಚ್ಚುಗೆ ಅಲ್ಲ, ತರಗತಿಯ ಮಕ್ಕಳ ಮೆಚ್ಚುಗೆ. ಆಪ್ತ ಗೆಳೆಯ ಹೇಗಿದ್ದರೂ ಮೆಚ್ಚುತ್ತಾನೆ, ಅದು ಲೆಕ್ಕಕ್ಕಿಲ್ಲ ಎಂದು ಮಗುವಿಗೆ ಗೊತ್ತು. ತರಗತಿ ಮೆಚ್ಚಿದರೆ ಅದು ಊರು ಮೆಚ್ಚಿದ ಹಾಗೆ.

ಹಂಚುವ ವಿಧಾನ. ದೊಡ್ಡವರು ಈ ಹತ್ತನ್ನು ಎರಡು ಮೂರು ನಿಮಿಷದಲ್ಲಿ ಮುಗಿಸುತ್ತಾರೆ; ಈ ವಯಸ್ಸಿನವರಿಗೆ ಹನ್ನೆರಡು ನಿಮಿಷ ಇಡಿ. ಪ್ರತಿ ಹೇಳಿಕೆಯನ್ನೂ ಒಂದೇ ದನಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಓದು ಬರುವವರಿಗೂ ಬಾರದವರಿಗೂ ವ್ಯತ್ಯಾಸ ಉಳಿಯದಂತೆ. ಶುರುವಿಗೆ ಮುನ್ನ ಬೋರ್ಡಿನ ಮೇಲೆ ಅಭ್ಯಾಸಕ್ಕೆ ಎರಡು ಸಾಲು ಬರೆಯಿರಿ, 'ನನಗೆ ಮಳೆ ಇಷ್ಟ', 'ನನಗೆ ಮಳೆ ಇಷ್ಟವಿಲ್ಲ' ಎಂದು. ಮಳೆ ಇಷ್ಟವಿರುವವರು ಎರಡನೆಯದಕ್ಕೆ ಎಲ್ಲಿ ಗುರುತು ಹಾಕಬೇಕೆಂದು ಕೈ ಎತ್ತಿಸಿ ಕೇಳಿ. ಇಲ್ಲಿ ಎಡವುವವರು ಐದನೆಯ ಹೇಳಿಕೆಯಲ್ಲಿ ಖಂಡಿತ ಎಡವುತ್ತಾರೆ. ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಮಕ್ಕಳು ಪಕ್ಕದವಳ ಹಾಳೆ ನೋಡಿಯೇ ನೋಡುತ್ತಾರೆ; 'ನಾನು ಯಾತಕ್ಕೂ ಬಾರದವಳು ಅನಿಸುತ್ತದೆ' ಎಂಬುದಕ್ಕೆ ಪಕ್ಕದವಳ ಎದುರು ಯಾರು ನಿಜ ಬರೆಯುತ್ತಾರೆ? ನಡುವೆ ಒಂದು ಚೀಲ ಇಟ್ಟರೂ ಆದೀತು. ತರಗತಿಯ ಶಿಕ್ಷಕರು ಹೊರಗಿರಲಿ. ಅವರು ಎಷ್ಟೇ ಒಳ್ಳೆಯವರಾದರೂ, ಸಾಲುಗಳ ನಡುವೆ ಅಡ್ಡಾಡಿದರೆ ಹಾಳೆ ಪರೀಕ್ಷೆಯ ಹಾಳೆಯಾಗುತ್ತದೆ. ಮಾರ್ಕ್ಸ್ ಕಾರ್ಡ್ ಕೊಟ್ಟ ವಾರ, ರ‍್ಯಾಂಕ್ ಪಟ್ಟಿ ಗೋಡೆಗೆ ಅಂಟಿಸಿದ ವಾರ ಬೇಡ, ಅದನ್ನೇ ಅಳೆಯಬೇಕೆಂದು ಹೊರಟಿದ್ದರೆ ಹೊರತು.

ಒಂದು ಉತ್ತರ ಬಿಟ್ಟುಹೋಗಿದ್ದರೆ, ಉಲ್ಟಾ ಮಾಡಿ ಮುಗಿಸಿದ ಮೇಲೆ, ಉಳಿದ ಒಂಬತ್ತರ ಸರಾಸರಿಯನ್ನು ಹತ್ತರಿಂದ ಗುಣಿಸಿ: ಒಂಬತ್ತರಲ್ಲಿ 18 ಬಂದಿದ್ದರೆ 20. ಎರಡಕ್ಕಿಂತ ಹೆಚ್ಚು ಬಿಟ್ಟಿದ್ದರೆ ಹಾಳೆಯನ್ನು ಲೆಕ್ಕದಿಂದ ತೆಗೆಯಿರಿ, ಆದರೆ ಯಾವುದನ್ನು ಬಿಟ್ಟಿದೆ ಎಂದು ಒಮ್ಮೆ ನೋಡಿ. ತರಗತಿಯ ಅರ್ಧ ಮಕ್ಕಳು ಒಂದೇ ಹೇಳಿಕೆ ಬಿಟ್ಟಿದ್ದರೆ ತಪ್ಪು ಮಕ್ಕಳದ್ದಲ್ಲ, ನಿಮ್ಮ ಅನುವಾದದ್ದು.

ಒಂದು ಅಂಕವನ್ನು ಎಷ್ಟು ನಂಬಬಹುದು? ಲೆಕ್ಕ ಮಾಡಿ ನೋಡೋಣ. ತರಗತಿಯ ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 5, ಮಾಪಕದ ವಿಶ್ವಾಸಾರ್ಹತೆ (ಅಳತೆ ಎಷ್ಟು ಸ್ಥಿರ ಎಂಬುದು, 1 ಅಂದರೆ ಪೂರ್ತಿ) 0.80 ಎಂದಿಟ್ಟುಕೊಂಡರೆ ಒಂದು ಅಂಕದ ದೋಷ ಸುಮಾರು 2.2. ಎರಡೂ ಬದಿಗೆ ಅದರ ಎರಡರಷ್ಟು ಬಿಟ್ಟು ನೋಡಿದರೆ, 17 ಪಡೆದ ಮಗುವಿನ ನಿಜವಾದ ಅಂಕ ಸುಮಾರು 13ರಿಂದ 21ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದೇ ಮಗುವನ್ನು ಮೂರು ತಿಂಗಳ ಬಳಿಕ ಅಳೆದಾಗ 17 ಹೋಗಿ 20 ಆದರೆ ಬೀಗಬೇಕಿಲ್ಲ. ಎರಡೂ ಅಳತೆಯಲ್ಲಿ ದೋಷ ಇರುವುದರಿಂದ, ಆರಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಏನೋ ನಡೆದಿದೆ ಎನ್ನಬಹುದು. ನಲವತ್ತು ಮಕ್ಕಳ ಸರಾಸರಿಯ ದೋಷ 0.8 ಅಷ್ಟೆ. ತರಗತಿಗೆ ಬಳಸಿ, ಒಂಟಿ ಮಗುವಿಗೆ ಬೇಡ ಎಂದು ಮೊದಲೇ ಹೇಳಿದ್ದರ ಹಿಂದೆ ಇರುವುದು ಈ ಗುಣಾಕಾರ ಭಾಗಾಕಾರವೇ. ಅಲ್ಲದೆ ಅಂಕಗಳು ಮೇಲ್ಭಾಗದಲ್ಲಿ ಗುಂಪುಗೂಡುತ್ತವೆ. 27 ಇದ್ದ ಮಗು ಏರಲು ಜಾಗವೇ ಇರುವುದಿಲ್ಲ.

ಪರ್ಯಾಯಗಳ ಬಗ್ಗೆ ಚುಟುಕಾಗಿ. ಸ್ಟ್ಯಾನ್ಲಿ ಕೂಪರ್‌ಸ್ಮಿತ್ ಅವರ 1967ರ ಪಟ್ಟಿಯ ಶಾಲಾ ಆವೃತ್ತಿಯಲ್ಲಿ 58 ಹೇಳಿಕೆ; ಅದರಲ್ಲಿ 8 ಸುಳ್ಳು ಪತ್ತೆಗೆ. 'ನನ್ನ ಹಾಗೆ', 'ನನ್ನ ಹಾಗಲ್ಲ' ಎಂಬ ಎರಡೇ ಆಯ್ಕೆ ಇರುವುದರಿಂದ ಮಕ್ಕಳಿಗೆ ಸಲೀಸು. ಮನೆ, ಶಾಲೆ, ಓರಗೆಯವರು ಎಂದು ಬಿಡಿಬಿಡಿಯಾಗಿಯೂ ಅಂಕ ಬರುತ್ತದೆ. ಆದರೆ ಉದ್ದ, ಜೊತೆಗೆ ಕೊಂಡೇ ಬಳಸಬೇಕು. ನಮ್ಮ ಮತ ಹಾರ್ಟರ್ ಅವರ 1985ರ ಮಕ್ಕಳ ಸ್ವಗ್ರಹಿಕೆ ಪಟ್ಟಿಗೆ: 36 ಹೇಳಿಕೆ, ಓದು, ಗೆಳೆತನ, ಆಟ, ರೂಪ, ನಡವಳಿಕೆ, ಒಟ್ಟು ಬೆಲೆ ಎಂದು ಆರು ಭಾಗ. 'ಕೆಲವು ಮಕ್ಕಳು ಹೀಗೆ, ಇನ್ನು ಕೆಲವರು ಹಾಗೆ' ಎಂಬ ಜೋಡಿ ವಾಕ್ಯಗಳಲ್ಲಿ ಕೇಳುವುದರಿಂದ, ಕೀಳು ಉತ್ತರ ಬರೆದರೂ ತನ್ನಂಥವರು ಬೇರೆಯವರೂ ಇದ್ದಾರೆ ಎಂಬ ಭಾವ ಉಳಿಯುತ್ತದೆ. ಮೊದಲು ಎಡವೋ ಬಲವೋ ಆರಿಸಿ, ಆಮೇಲೆ 'ಪೂರ್ತಿ ನಿಜ' ಅಥವಾ 'ಸ್ವಲ್ಪ ನಿಜ'. ಇಲ್ಲಿ ಆಗುವ ತಪ್ಪು ಒಂದೇ, ಆದರೆ ಪದೇಪದೇ: ಮಗು ಎಡಕ್ಕೊಂದು ಬಲಕ್ಕೊಂದು, ಎರಡೂ ಕಡೆ ಟಿಕ್ ಹಾಕುತ್ತದೆ. ಮೊದಲ ನಾಲ್ಕು ಸಾಲು ಎಲ್ಲರೂ ಒಟ್ಟಿಗೆ ಮಾಡಿ ಮುಗಿಸುವವರೆಗೆ ಮುಂದಕ್ಕೆ ಬಿಡಬಾರದು. ಸೆಕ್ಷನ್ ಹಂಚಿಕೆಯ ಪೆಟ್ಟು ಓದಿನ ಮೇಲೆ ಬಿತ್ತೋ ಗೆಳೆತನದ ಮೇಲೋ ಎಂದು ತಿಳಿಯಬೇಕಿದ್ದರೆ ಇದೇ ಬೇಕು, ರೋಸೆನ್‌ಬರ್ಗ್ ಸಾಲದು.

ಕಡಿಮೆ ಅಂಕ ಬಂದ ತರಗತಿಗೆ ಹೊಗಳಿಕೆಯ ಔಷಧಿ ಕೊಡುವ ಆತುರವೂ ಒಂದಿದೆ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವಕ್ಕೆಂದೇ ಸರ್ಕಾರಿ ಕಾರ್ಯಪಡೆ ಮಾಡಿತ್ತು. ಆತ್ಮಗೌರವ ಏರಿಸಿದರೆ ಓದೂ ಏರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು 2003ರ ಒಂದು ದೊಡ್ಡ ಸಮೀಕ್ಷಾ ಲೇಖನ ಹೇಳಿತು. ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ತೋರಿಸಿದ್ದು ಇನ್ನೂ ಮೊನಚು: ಮಗು ಬಿಡಿಸಿದ ಚಿತ್ರಕ್ಕೆ 'ಚೆನ್ನಾಗಿದೆ' ಅನ್ನುವ ಬದಲು 'ಅದ್ಭುತವಾಗಿದೆ' ಎಂದು ಉಬ್ಬಿಸಿ ಹೇಳಿದಾಗ, ಆತ್ಮಗೌರವ ಕಡಿಮೆ ಇದ್ದ ಮಕ್ಕಳು ಮುಂದೆ ಕಷ್ಟದ ಚಿತ್ರಕ್ಕೆ ಕೈ ಹಾಕಲು ಹಿಂಜರಿದರು. ಅದ್ಭುತವನ್ನು ಪ್ರತಿಸಲವೂ ಎಲ್ಲಿಂದ ತರುವುದು?

ಕೊನೆಯದಾಗಿ, ಗುಟ್ಟಿನ ವಿಷಯ ಹಂಚುವ ಮೊದಲೇ ತೀರ್ಮಾನವಾಗಿರಬೇಕು. ಹಾಳೆಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಸಂಖ್ಯೆಗೂ ಹೆಸರಿಗೂ ತಾಳೆ ಹಾಕುವ ಪಟ್ಟಿ ಆಪ್ತಸಮಾಲೋಚಕರ ಬೀಗದಲ್ಲಿ ಮಾತ್ರ. 'ನಾನು ಸೋತವನು', 'ಯಾತಕ್ಕೂ ಬಾರದವನು' ಎಂಬ ಅರ್ಥದ ಮೂರು ಹೇಳಿಕೆಗೂ 'ಖಂಡಿತ ಒಪ್ಪುತ್ತೇನೆ' ಎಂದ ಮಗು ಸಿಕ್ಕರೆ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಯಾರು ಮಾತನಾಡಿಸಬೇಕು, ಎಲ್ಲಿ, ಪೋಷಕರಿಗೆ ಯಾವಾಗ ಹೇಳಬೇಕು ಎಂಬುದು ಬರಹದಲ್ಲಿರಲಿ. 'ನಿಮ್ಮ ಉತ್ತರ ಯಾರೂ ನೋಡುವುದಿಲ್ಲ' ಎಂದು ಮಕ್ಕಳಿಗೆ ಹೇಳಬೇಡಿ, ಏಕೆಂದರೆ ನೋಡುತ್ತೀರಿ. 'ನಿಮ್ಮ ಶಿಕ್ಷಕರೂ ಸಹಪಾಠಿಗಳೂ ನೋಡುವುದಿಲ್ಲ. ನಾನು ನೋಡುತ್ತೇನೆ, ಬೇಕಾದರೆ ನಿಮ್ಮ ಜೊತೆ ಮಾತನಾಡುತ್ತೇನೆ' ಎಂದು ಹೇಳಿ. ಇಷ್ಟು ಹೇಳಿದ ಮೇಲೆ ಒಂದಿಬ್ಬರು ಹಾಳೆ ಖಾಲಿ ಕೊಡುತ್ತಾರೆ. ಅದನ್ನು ಖಾಲಿಯಾಗಿಯೇ ತೆಗೆದುಕೊಳ್ಳಿ, ಹಿಂದಕ್ಕೆ ಕೊಟ್ಟು ತುಂಬಿಸಬೇಡಿ.